ಮೂರು ತಂತಿಯ ದಾರಿ

ಹಾನಗಲ್ಲಿಗೆ ಮಳೆ ಮುಂಡಗೋಡದ ಕಾಡಿನ ಕಡೆಯಿಂದ ಬರುತ್ತದೆ. ಆಷಾಢದ ಸಂಜೆ ಪಡುವಣ ಕಪ್ಪಿಟ್ಟಿತೆಂದರೆ ಪೇಟೆಯ ಅಂಗಡಿಯವರು ಹೊರಗೆ ಹರಡಿದ ಸಾಮಾನನ್ನು ಒಳಗೆಳೆಯುತ್ತಾರೆ, ಬಸ್ ನಿಲ್ದಾಣದ ಮುಂದಿನ ತಳ್ಳುಗಾಡಿಗಳ ಮೇಲೆ ತಾಡಪಾಲು ಏರುತ್ತದೆ. ಮೊದಲ ಗಾಳಿಗೇ ಕರೆಂಟು ಹೋಗುತ್ತದೆ. ಆನೆಕೆರೆಯ ನೀರು, ತಾರಕೇಶ್ವರ ಗುಡಿಯ ಕಲ್ಲಿನ ಮಾಡು, ಓಣಿಯ ಹೆಂಚು, ತಗಡು, ಎಲ್ಲದರ ಮೇಲೂ ಬಿಡದೆ ಸುರಿಯುತ್ತದೆ.

ಅಂಥ ಸಂಜೆ ಒಂದು ಪತ್ತಿನ ಸಹಕಾರಿ ಸಂಘದ ಹಿಂದಿನ ಕೋಣೆಗೆ ಹೋಗೋಣ. ಮುಂದೆ ಕೌಂಟರು, ಠೇವಣಿಯ ಫಲಕ, ಬಸವಣ್ಣನ ಚಿತ್ರ. ಹಿಂದೆ ಹಳೆಯ ಖಾತೆಪುಸ್ತಕಗಳ ಗಂಟುಗಳ ಪಕ್ಕದಲ್ಲಿ ಕಬ್ಬಿಣದ ಕಪಾಟು, ಅದರೊಳಗೆ ಸರ್ವರ್. ನೆತ್ತಿಯ ಮೇಲೆ ಕಳೆದ ಆಯುಧಪೂಜೆಯ ಕುಂಕುಮ, ವಿಭೂತಿ ಇನ್ನೂ ಇದೆ. ಕೆಳಗೆ ಯುಪಿಎಸ್, ಅದರ ಬ್ಯಾಟರಿ, ಧೂಳು ಹಿಡಿದ ತಂತಿಗಳ ಸಿಕ್ಕು. ಯುಪಿಎಸ್ ಕೂಗಿ ಕೂಗಿ ಸುಮ್ಮನಾಗಿದೆ. ರಾತ್ರಿ ಕರೆಂಟು ಮರಳಿದಾಗ ದೀಪವೂ ಫ್ಯಾನೂ ಬಂದವು, ಸರ್ವರ್ ಮಾತ್ರ ಕೆಲಸಕ್ಕೆ ಬರಲಿಲ್ಲ. ಬೆಳಗಾದರೆ ಪಿಗ್ಮಿ ಎತ್ತುವವರು ತಮ್ಮ ಕೈಯಂತ್ರಗಳ ಲೆಕ್ಕ ಒಪ್ಪಿಸಬೇಕು, ಬಿತ್ತನೆಯ ಸಾಲಕ್ಕೆ ಬಂದವರ ಖಾತೆ ತೆರೆಯಬೇಕು.

ಆ ಸರ್ವರ್ ನೋಡಿಕೊಳ್ಳುವ ಎಂಜಿನಿಯರ್ ಇರುವುದು ಸುಮಾರು ಮುನ್ನೂರೈವತ್ತು ಕಿಲೋಮೀಟರ್ ಆಚೆ, ಬೆಂಗಳೂರಿನಲ್ಲಿ. ಅಕ್ಕಿಆಲೂರಿನ ಕಡೆಯ ಹುಡುಗಿ. ಸಂಘದ ಸಿಪಾಯಿಗೆ ಫೋನ್ ಮಾಡುತ್ತಾಳೆ.

“ಏನಾತ್ರಿ ಕಾಕಾ?”

“ಕರೆಂಟ್ ಬಂದೈತಿ ತಂಗಿ, ಮಷಿನ್ ಎದ್ದಿಲ್ಲ.”

“ಮುಂದಿನ ಹಸಿರು ದೀಪ ಹತ್ತೇತೇನ್ರಿ?”

“ಹತ್ತೇತಿ. ಒಳಗ ಫ್ಯಾನ್ ತಿರಗಾಕತ್ತೈತಿ. ಸ್ವಿಚ್ ಆರಿಸಿ ಮತ್ತ ಹಚ್ಚಲೇನು?”

“ಬ್ಯಾಡ್ರಿ, ಏನೂ ಮುಟ್ಟಬ್ಯಾಡ್ರಿ. ನಾ ಇಲ್ಲಿಂದನ ನೋಡ್ತೀನಿ.”

ಸಂಘದ ಇಂಟರ್‌ನೆಟ್ ಬಂದಿದೆ, ರೂಟರ್ ಎಚ್ಚರವಾಗಿದೆ. ಆಕೆ ತನ್ನ ಕಂಪ್ಯೂಟರಿನಲ್ಲಿ ಕಪ್ಪು ಕಿಟಕಿಯೊಂದನ್ನು ತೆರೆದು, ಗುಪ್ತ ಸುರಂಗವಾದ ವಿಪಿಎನ್ ಮೂಲಕ ಹಾನಗಲ್ಲಿನ ಜಾಲ ಹೊಕ್ಕು, ‘ಐಪಿಎಂಐ ಟೂಲ್’ ಎಂಬ ಪುಟ್ಟ ಸಾಧನಕ್ಕೆ ಆಜ್ಞೆ ಕೊಡುತ್ತಾಳೆ. ಗೆರೆ ಮಿನುಗುತ್ತದೆ. ಎಂಟರ್ ಒತ್ತಿದಾಗ ಸರ್ವರ್‌ನ ಮಾತು ಬಿಳಿ ಅಕ್ಷರಗಳಲ್ಲಿ ಮೂಡುತ್ತದೆ: ಗಡಿಯಾರದ ಬ್ಯಾಟರಿ ತೀರಿದೆ, ದಿನಾಂಕ ಸರಿಯಿಲ್ಲ, ಮುಂದುವರಿಯಲು ಎಫ್1 ಒತ್ತಿ. ಇಡೀ ಸಂಘದ ಲೆಕ್ಕ ನಿಂತಿದ್ದು ಒಂದು ಕೀಲಿ ಒತ್ತುವವರಿಲ್ಲದೆ. ಕಪಾಟಿನ ಸರ್ವರ್‌ಗೆ ಕೀಬೋರ್ಡಿಲ್ಲ, ಮಾನಿಟರ್ ಇಲ್ಲ. ಆಕೆ ಬಳಸುತ್ತಿರುವ ಸೀರಿಯಲ್ ಎಂಬ ದಾರಿಯಲ್ಲಿ ಸಾಗುವುದು ಅಕ್ಷರಗಳು ಮಾತ್ರ, ಎಫ್1 ಅಕ್ಷರವಲ್ಲ. ಅದಕ್ಕೆ ಹಲವು ಸರ್ವರ್‌ಗಳಲ್ಲಿ ಒಂದು ಒಪ್ಪಂದವಿದೆ: ಎಸ್ಕೇಪ್ ಒತ್ತಿ ಹಿಂದೆಯೇ 1 ಒತ್ತಿದರೆ ಯಂತ್ರವನ್ನು ಎಬ್ಬಿಸುವ ಮೂಲ ತಂತ್ರಾಂಶವಾದ ಬಯಾಸ್ ಅದನ್ನು ಎಫ್1 ಎಂದು ತಿಳಿಯುತ್ತದೆ. ಆಕೆ ಹಾಗೇ ಒತ್ತುತ್ತಾಳೆ. ಪರದೆಯ ಮೇಲೆ ಸಾಲುಗಳು ಓಡತೊಡಗುತ್ತವೆ.

ಆದರೂ ಆಕೆ ಲೆಕ್ಕದ ತಂತ್ರಾಂಶವನ್ನು ಕೂಡಲೇ ಏಳಗೊಡುವುದಿಲ್ಲ. ಬ್ಯಾಟರಿ ಸತ್ತ ಗಡಿಯಾರ ಎಷ್ಟೋ ವರ್ಷ ಹಿಂದಿನ ತಾರೀಖು ತೋರಿಸುತ್ತಿದೆ. ಆ ತಾರೀಖಿನಲ್ಲಿ ಒಂದು ಜಮಾ ಬಿದ್ದರೂ ಬಡ್ಡಿಯ ಲೆಕ್ಕ ಕೆಡುತ್ತದೆ. ಮೊದಲು ದಿನಾಂಕ, ಸಮಯ ಸರಿಪಡಿಸಿ, ಡಿಸ್ಕನ್ನು ಪರೀಕ್ಷಿಸಿ, ಆಮೇಲೆ ಡೇಟಾಬೇಸ್ ಎಬ್ಬಿಸುತ್ತಾಳೆ. ಮರುದಿನ ಸಿಪಾಯಿ ಕಾಕಾ ಗಡಿಯಾರ ರಿಪೇರಿ ಅಂಗಡಿಯಿಂದ ನಾಣ್ಯದ ಗಾತ್ರದ ಮೂರು ವೋಲ್ಟಿನ ಸಿಆರ್2032 ಬ್ಯಾಟರಿ ತಂದಿಟ್ಟುಕೊಳ್ಳಬೇಕು. ಬೆಂಗಳೂರಿನಿಂದ ಮಾಡಲಾಗದ ಕೆಲಸ ಇದೊಂದೇ.

ಅರವತ್ತು ವರ್ಷ ದಾಟಿದ ತಂತಿ

ಆ ರಾತ್ರಿ ಅಕ್ಷರಗಳು ಸಾಗಿದ ದಾರಿ ಹೊಸದಲ್ಲ. ಟೆಲಿಪ್ರಿಂಟರುಗಳನ್ನೂ ಮೋಡೆಮ್‌ಗಳನ್ನೂ ಜೋಡಿಸಲೆಂದು 1960ರಲ್ಲಿ ಅಮೆರಿಕದಲ್ಲಿ ಆರ್‌ಎಸ್-232 ಎಂಬ ಮಾನಕ ಬಂತು. ಒಂದು ತಂತಿಯಲ್ಲಿ ಕಳಿಸುವುದು, ಇನ್ನೊಂದರಲ್ಲಿ ಪಡೆಯುವುದು, ಮೂರನೆಯದು ನೆಲ, ಅಂದರೆ ಗ್ರೌಂಡ್. ಇಷ್ಟಿದ್ದರೆ ಎರಡು ಯಂತ್ರಗಳು ಮಾತಾಡುತ್ತವೆ. ಋಣ ವೋಲ್ಟೇಜು ಒಂದು, ಧನ ವೋಲ್ಟೇಜು ಸೊನ್ನೆ. ಬಿಟ್‌ಗಳು ಸಾಲಾಗಿ ಒಂದರ ಹಿಂದೊಂದು ಹೋಗುವುದರಿಂದ ಇದು ಸೀರಿಯಲ್ ಪೋರ್ಟ್. ಒಂದು ಅಕ್ಷರಕ್ಕೆ ಎಂಟು ಬಿಟ್, ಆರಂಭಕ್ಕೊಂದು, ಕೊನೆಗೊಂದು, ಒಟ್ಟು ಹತ್ತು. ಸೆಕೆಂಡಿಗೆ 1,15,200 ಬಿಟ್‌ಗಳ ವೇಗವಿದ್ದರೆ 11,520 ಅಕ್ಷರ ದಾಟುತ್ತವೆ. ಎಂಬತ್ತು ಅಕ್ಷರ ಅಗಲ, ಇಪ್ಪತ್ತೈದು ಸಾಲು ಉದ್ದದ ಹಳೆಯ ಪರದೆ ತುಂಬಲು ಬೇಕಾದದ್ದು 2,000 ಅಕ್ಷರ. ಅಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಇಡೀ ಪರದೆ ತುಂಬುತ್ತದೆ. ಸಿನಿಮಾ ನೋಡಲು ಈ ವೇಗ ಏನೇನೂ ಸಾಲದು. ಹಟ ಹಿಡಿದು ನಿಂತ ಯಂತ್ರದ ಕಷ್ಟ ಕೇಳಲು ಧಾರಾಳವಾಗಿ ಸಾಕು. ಮಳೆಯಲ್ಲಿ ಕುಂಟುವ ತಾಲ್ಲೂಕಿನ ಇಂಟರ್‌ನೆಟ್ಟಿಗೂ ಇಷ್ಟು ಭಾರ ಹೊರೆಯಾಗುವುದಿಲ್ಲ.

ಸರ್ವರ್‌ನ ದೊಡ್ಡ ಬೋರ್ಡಿನ ಮೇಲೆ ಇನ್ನೊಂದು ಸಣ್ಣ ಕಂಪ್ಯೂಟರ್ ಕೂತಿರುತ್ತದೆ. ಅದರ ಹೆಸರು ಬಿಎಂಸಿ, ಬೇಸ್‌ಬೋರ್ಡ್ ಮ್ಯಾನೇಜ್‌ಮೆಂಟ್ ಕಂಟ್ರೋಲರ್. ಅದಕ್ಕೆ ತನ್ನದೇ ಪ್ರೊಸೆಸರ್, ತನ್ನದೇ ನೆನಪು. ದೊಡ್ಡ ಯಂತ್ರ ಆರಿದ್ದರೂ ವಿದ್ಯುತ್ ತಂತಿ ಗೋಡೆಯಲ್ಲಿ ಸಿಕ್ಕಿಕೊಂಡಿದ್ದರೆ ಸಾಕು, ಇದು ಎಚ್ಚರವಾಗಿರುತ್ತದೆ. ಒಳಗಿನ ಬಿಸಿ, ಫ್ಯಾನಿನ ವೇಗ, ವೋಲ್ಟೇಜು ಅಳೆಯುತ್ತದೆ. ದೂರದಿಂದ ಹೇಳಿದರೆ ಯಂತ್ರವನ್ನು ಆರಿಸುತ್ತದೆ, ಹೊತ್ತಿಸುತ್ತದೆ. ಇಂಥ ಕಂಟ್ರೋಲರುಗಳೊಡನೆ ಮಾತಾಡುವ ರೀತಿಯನ್ನು ಇಂಟೆಲ್, ಡೆಲ್, ಎಚ್‌ಪಿ, ಎನ್‌ಇಸಿ ಕಂಪನಿಗಳು ಸೇರಿ 1998ರಲ್ಲಿ ಐಪಿಎಂಐ ಎಂಬ ಹೆಸರಿನಲ್ಲಿ ಗೊತ್ತುಮಾಡಿದವು. 2004ರಲ್ಲಿ ಬಂದ ಅದರ ಎರಡನೆಯ ಆವೃತ್ತಿ ಸೀರಿಯಲ್ ಮಾತನ್ನು ನೆಟ್‌ವರ್ಕಿನ ಮೇಲೆ, ಗೂಢಲಿಪಿಯಲ್ಲಿ ಸಾಗಿಸುವ ವ್ಯವಸ್ಥೆ ತಂದಿತು. ಈ ಕೆಲಸದವರು ಅದನ್ನು ‘ಸೋಲ್’ ಎನ್ನುತ್ತಾರೆ, ಸೀರಿಯಲ್ ಓವರ್ ಲ್ಯಾನ್.

ಇಲ್ಲೇ ಹಂಚಿಕೆಯ ಪ್ರಶ್ನೆ ಬರುವುದು. ಸರ್ವರ್‌ನ ಬೆನ್ನಿನಲ್ಲಿ ಸೀರಿಯಲ್ ಕಿಂಡಿ ಇರುವುದು ಸಾಮಾನ್ಯವಾಗಿ ಒಂದೇ. ಆ ಕಿಂಡಿ ಆಪರೇಟಿಂಗ್ ಸಿಸ್ಟಮ್ಮಿಗೂ ಬೇಕು, ಬಿಎಂಸಿಗೂ ಬೇಕು. ಹಾಗಾಗಿ ಬೋರ್ಡಿನ ಮೇಲೆ ಮಕ್ಸ್ ಎಂಬ ಬದಲಿ ಕೀಲನ್ನು ಇಟ್ಟಿರುತ್ತಾರೆ. ಕೆರೆಯ ಒಂದೇ ತೂಬಿನ ನೀರನ್ನು ನೀರಗಂಟಿ ಸರದಿಯಂತೆ ಎರಡು ಕಾಲುವೆಗೆ ತಿರುಗಿಸುವ ಹಾಗೆ, ಈ ಕೀಲು ಒಂದೇ ಕಿಂಡಿಯನ್ನು ಒಮ್ಮೆ ಇವನಿಗೆ, ಒಮ್ಮೆ ಅವನಿಗೆ ಕೊಡುತ್ತದೆ. ಕಿಂಡಿಗೆ ನೇರವಾಗಿ ಕೇಬಲ್ ಹಚ್ಚಿ ಕೂತವರು ಎಸ್ಕೇಪ್ ಒತ್ತಿ ಎಡ ಆವರಣ ಚಿಹ್ನೆ ಒತ್ತಿದರೆ ಮಾತು ಬಿಎಂಸಿಗೆ ಹೋಗುತ್ತದೆ. ಎಸ್ಕೇಪ್ ಒತ್ತಿ ದೊಡ್ಡ ಕ್ಯೂ ಒತ್ತಿದರೆ ಸರ್ವರ್‌ಗೆ ಮರಳುತ್ತದೆ. ಸೋಲ್ ಬಳಸುವಾಗ ಈ ತಿರುಗಿಸುವ ಕೆಲಸವನ್ನು ಬಿಎಂಸಿ ತಾನೇ ಮಾಡುತ್ತದೆ: ಸರ್ವರ್ ಸೀರಿಯಲ್ಲಿಗೆ ಕಳಿಸಿದ ಅಕ್ಷರಗಳನ್ನು ಹಿಡಿದು, ಪೊಟ್ಟಣ ಕಟ್ಟಿ, ಯುಡಿಪಿ 623ನೇ ಪೋರ್ಟಿನಿಂದ ಬೆಂಗಳೂರಿಗೆ ಕಳಿಸುತ್ತದೆ. ಸರ್ವರ್‌ಗೆ ಮಾತ್ರ ತಾನು ಪಕ್ಕದಲ್ಲಿರುವ ಟರ್ಮಿನಲ್ಲಿನೊಡನೆ ಮಾತಾಡುತ್ತಿದ್ದೇನೆ ಎಂದೇ ತಿಳುವಳಿಕೆ.

ಶಿಗ್ಗಾಂವಿ: ಅರ್ಧ ಮಾತು, ಅರ್ಧ ಕಸ

ಶಿಗ್ಗಾಂವಿಯ ಪಕ್ಕದಲ್ಲೇ ಪುಣೆ-ಬೆಂಗಳೂರು ಹೆದ್ದಾರಿ ಹಾದಿದೆ. ಹಗಲಿರುಳು ಲಾರಿಗಳು ಹುಬ್ಬಳ್ಳಿಯ ಕಡೆಗೆ, ಹಾವೇರಿಯ ಕಡೆಗೆ ಓಡುತ್ತಲೇ ಇರುತ್ತವೆ. ಕನಕದಾಸರು ಹುಟ್ಟಿದ ಬಾಡ ಈ ತಾಲ್ಲೂಕಿನದು, ಶರೀಫರ ಶಿಶುನಾಳವೂ ಇಲ್ಲಿಯದೇ. ಬಂಕಾಪುರದ ಕೋಟೆಯಲ್ಲಿ ನವಿಲುಗಳ ಧಾಮವಿದೆ, ಗೊಟಗೋಡಿಯಲ್ಲಿ 2011ರಲ್ಲಿ ಶುರುವಾದ ಜಾನಪದ ವಿಶ್ವವಿದ್ಯಾಲಯ. ಹಾಡು, ಕಥೆ, ತತ್ವಪದಗಳನ್ನು ಕಂಠದಿಂದ ಕಂಠಕ್ಕೆ ಕಾಯ್ದುಕೊಂಡು ಬಂದ ನೆಲ. ಈಗ ಅಂಥ ಸಂಪತ್ತು ಡಿಸ್ಕುಗಳಿಗೂ ಇಳಿಯುತ್ತಿದೆ.

ಇಂಥ ಊರಿನ ಒಂದು ಕಾಲೇಜಿನ ಗ್ರಂಥಾಲಯವನ್ನು ನೋಡಿ. ಪುಸ್ತಕಗಳ ಪಟ್ಟಿ, ಕೊಟ್ಟದ್ದು, ಪಡೆದದ್ದು ಎಲ್ಲವೂ ಲಿನಕ್ಸ್ ಸರ್ವರ್ ಮೇಲೆ ಓಡುವ ಕೋಹಾ ತಂತ್ರಾಂಶದಲ್ಲಿದೆ. ದುಡ್ಡು ಕೊಟ್ಟು ಕೊಳ್ಳಬೇಕಿಲ್ಲದ ತಂತ್ರಾಂಶವಾದ್ದರಿಂದ ಸಣ್ಣ ಕಾಲೇಜುಗಳಿಗೂ ಒದಗುತ್ತದೆ. ರಜೆಯಲ್ಲಿ ಸರ್ವರ್ ನಿಂತಿದೆ, ಗ್ರಂಥಪಾಲಕರು ಊರಲ್ಲಿಲ್ಲ, ಕೋಣೆಗೆ ಬೀಗ. ದೂರದ ಎಂಜಿನಿಯರ್ ಸೋಲ್ ತೆರೆದು, ಬಿಎಂಸಿಗೆ ಹೇಳಿ ಯಂತ್ರವನ್ನು ಮತ್ತೆ ಹೊತ್ತಿಸುತ್ತಾನೆ. ಬಯಾಸ್‌ನ ಮಾತು ಸ್ಪಷ್ಟವಾಗಿ ಬರುತ್ತದೆ, ನೆನಪಿನ ಪರೀಕ್ಷೆ ಕಾಣುತ್ತದೆ, ಡಿಸ್ಕಿನ ಹೆಸರು ಕಾಣುತ್ತದೆ. ಲಿನಕ್ಸ್ ಏಳತೊಡಗಿದ ಕ್ಷಣದಿಂದ ಪರದೆಯ ತುಂಬ ಅರ್ಥವಿಲ್ಲದ ಚಿಹ್ನೆಗಳು.

ಕಾರಣ ವೇಗ. ಬಯಾಸ್, ಲಿನಕ್ಸನ್ನು ಎಬ್ಬಿಸುವ ಗ್ರಬ್, ಕರ್ನಲ್, ಹೆಸರು-ಗುಟ್ಟುಪದ ಕೇಳುವ ಗೆಟ್ಟಿ, ಇವೆಲ್ಲವನ್ನೂ ಆಲಿಸುವ ಬಿಎಂಸಿ, ಈ ಐವರೂ ಒಂದೇ ವೇಗಕ್ಕೆ ಒಪ್ಪಿರಬೇಕು. ಇಲ್ಲಿ ಬಯಾಸ್ 1,15,200ರಲ್ಲಿ ಮಾತಾಡುತ್ತಿದೆ, ಬಿಎಂಸಿ ಅದೇ ವೇಗದಲ್ಲಿ ಕೇಳುತ್ತಿದೆ. ಲಿನಕ್ಸನ್ನು ಅಣಿಮಾಡಿದವರು ಯಾವುದೋ ಹಳೆಯ ಟಿಪ್ಪಣಿಯಿಂದ 9,600 ಎಂದು ಬರೆದಿದ್ದಾರೆ. ಸೀರಿಯಲ್ ತಂತಿಯಲ್ಲಿ ಗಡಿಯಾರದ ಸಂಕೇತ ಹೋಗುವುದಿಲ್ಲ. ಎರಡು ತುದಿಯವರೂ ತಮ್ಮ ತಮ್ಮ ಗಡಿಯಾರ ನೋಡಿಕೊಂಡೇ ಬಿಟ್‌ಗಳನ್ನು ಎಣಿಸುತ್ತಾರೆ. ಎಣಿಕೆ ತಪ್ಪಿತೆಂದರೆ ಅಕ್ಷರ ಕೆಟ್ಟಿತು.

ಆ ಕಸದ ನಡುವೆ ಒಳಗೆ ಹೋಗುವುದು ಹೇಗೆ? ಎಂಜಿನಿಯರ್ ಸರ್ವರ್ ಅನ್ನು ಮುಟ್ಟುವುದಿಲ್ಲ. ಬಿಎಂಸಿಯ ಕಿವಿಯನ್ನೇ ತಾತ್ಕಾಲಿಕವಾಗಿ 9,600ಕ್ಕೆ ಇಳಿಸುತ್ತಾನೆ. ಕಸ ಕರಗಿ ಲಾಗಿನ್ ಸಾಲು ತಿಳಿಯಾಗಿ ನಿಲ್ಲುತ್ತದೆ. ಒಳಹೊಕ್ಕು ಗ್ರಬ್ ಕಡತದಲ್ಲಿ ಕರ್ನಲ್‌ಗೆ ಕೊಡುವ ಸಾಲನ್ನು ‘ಕನ್ಸೋಲ್ ಟಿಟಿವೈಎಸ್1, ವೇಗ 115200’ ಎಂದು ತಿದ್ದಿ, ಗ್ರಬ್ ಹೊಸದಾಗಿ ಬರೆಸಿ, ಬಿಎಂಸಿಯನ್ನು ಹಳೆಯ ವೇಗಕ್ಕೆ ತಂದು, ಇನ್ನೊಮ್ಮೆ ಹೊತ್ತಿಸುತ್ತಾನೆ. ಈ ಸಲ ಮೊದಲ ಸಾಲಿನಿಂದ ಲಾಗಿನ್‌ವರೆಗೆ ಒಂದೇ ಓಟ. ಗ್ರಂಥಾಲಯದ ಬೀಗ ತೆಗೆಯದೆಯೇ ಪುಸ್ತಕಗಳ ಪಟ್ಟಿ ಮರಳಿ ಬರುತ್ತದೆ.

ಸವಣೂರು: ಒಂದೇ ಕಿಂಡಿಗೆ ಇಬ್ಬರು

ಸವಣೂರಿನ ಹೆಸರು ಹೇಳಿದರೆ ವೀಳ್ಯದೆಲೆ ನೆನಪಾಗುತ್ತದೆ, ಖಾರ ನೆನಪಾಗುತ್ತದೆ. ನವಾಬರ ಕಾಲದ ಕಟ್ಟಡಗಳು, ಸತ್ಯಬೋಧರ ಮಠ, ವಿ. ಕೃ. ಗೋಕಾಕರು 1909ರಲ್ಲಿ ಹುಟ್ಟಿದ ಊರು. ದೊಡ್ಡಹುಣಸೆ ಎಂದು ಜನ ಕರೆಯುವ ಬಾವೊಬಾಬ್ ಮರಗಳು ಆಫ್ರಿಕದಿಂದ ಬಂದ ಕುಲದವು. ಹತ್ತು ಮಂದಿ ಕೈಹಿಡಿದು ಸುತ್ತುವರಿಯಬಹುದಾದ ಆ ಬೊಡ್ಡೆಗಳನ್ನು ನೋಡಲು ದೂರದೂರಿನವರು ಬರುತ್ತಾರೆ.

ಪೇಟೆಯ ದಲಾಲಿ ಅಂಗಡಿಯಲ್ಲಿ ಗಾದಿ, ಲೋಡು, ತಕ್ಕಡಿ, ಗೋಣಿಚೀಲದ ವಾಸನೆ. ಗಾದಿಯ ಹಿಂದಿನ ಮೂಲೆಯಲ್ಲಿ ಲೆಕ್ಕದ ಸರ್ವರ್. ಅದರ ಬೆನ್ನಿನ ಒಂಬತ್ತು ಪಿನ್ನಿನ ಕಿಂಡಿಗೆ ಯುಪಿಎಸ್‌ನ ಕೇಬಲ್ ಹಚ್ಚಿದೆ. ಬ್ಯಾಟರಿ ಇಳಿದಾಗ ಯುಪಿಎಸ್ ಆ ತಂತಿಯಲ್ಲಿ ಸುದ್ದಿ ಕೊಡುತ್ತದೆ, ಸರ್ವರ್ ಕಡತಗಳನ್ನು ಮುಚ್ಚಿ ತಾನಾಗಿ ಆರುತ್ತದೆ. ಚೆನ್ನಾದ ಏರ್ಪಾಡು. ಮುಂದೆ ಯಾರೋ ದೂರದಿಂದ ನೋಡಿಕೊಳ್ಳಲು ಅನುಕೂಲವಾಗಲೆಂದು ಕರ್ನಲ್‌ನ ಮಾತನ್ನೂ ಅದೇ ಮೊದಲ ಸೀರಿಯಲ್ ಪೋರ್ಟಿಗೆ ತಿರುಗಿಸಿದರು. ಅಂದಿನಿಂದ ಸರ್ವರ್ ಪ್ರತಿ ಸಲ ಏಳುವಾಗಲೂ ತನ್ನ ಸಾವಿರಾರು ಅಕ್ಷರಗಳ ವರದಿಯನ್ನು ಯುಪಿಎಸ್‌ಗೆ ಒಪ್ಪಿಸತೊಡಗಿತು. ಒಂದೊಂದೇ ಅಕ್ಷರವನ್ನು ಆಜ್ಞೆಯೆಂದು ತಿಳಿಯುವ ಯುಪಿಎಸ್‌ಗಳಿವೆ. ವರದಿಯ ನಡುವಿನ ಯಾವುದೋ ಅಕ್ಷರ ಅದಕ್ಕೆ ‘ವಿದ್ಯುತ್ ಕಡಿ’ ಎಂದು ಕೇಳಿಸಬಹುದು. ಸರ್ವರ್ ಏಳುತ್ತದೆ, ಅರ್ಧಕ್ಕೆ ಕರೆಂಟು ಹೋಗುತ್ತದೆ, ಮತ್ತೆ ಏಳುತ್ತದೆ, ಮತ್ತೆ ಬೀಳುತ್ತದೆ.

“ಹೊರಗ ಕರೆಂಟ್ ಐತ್ರೀ ಸರ್ರ, ಪಕ್ಕದಂಗಡ್ಯಾಗೂ ಐತಿ. ಇದೊಂದ ಯಾಕ ಆರತೈತಿ?” ಎಂದು ಅಂಗಡಿಯ ಗುಮಾಸ್ತರು ಕೇಳುತ್ತಾರೆ. ಅವರ ಪ್ರಶ್ನೆಯಲ್ಲೇ ಉತ್ತರದ ಅರ್ಧವಿದೆ. ಹೊರಗಿನ ಕರೆಂಟು ಸರಿಯಿದೆ ಎಂದಾದರೆ ಕಡಿಯುತ್ತಿರುವುದು ಯುಪಿಎಸ್. ಅದಕ್ಕೆ ಹೇಳುತ್ತಿರುವವರು ಯಾರು ಎಂದು ಹುಡುಕುತ್ತ ಹೋದರೆ ಒಂದೇ ಕಿಂಡಿಗೆ ಇಬ್ಬರು ಜೋತಿರುವುದು ಕಾಣುತ್ತದೆ.

ಪರಿಹಾರ ಸರಳ. ಮೊದಲ ಸೀರಿಯಲ್ ಪೋರ್ಟ್, ಕಾಮ್1, ಬೋರ್ಡಿನ 3ಎಫ್8 ಎಂಬ ವಿಳಾಸದಲ್ಲಿರುತ್ತದೆ. ಎರಡನೆಯದು, ಕಾಮ್2, 2ಎಫ್8ರಲ್ಲಿ. ಎಷ್ಟೋ ಸರ್ವರ್‌ಗಳಲ್ಲಿ ಎರಡನೆಯದಕ್ಕೆ ಬೆನ್ನಿನಲ್ಲಿ ಕಿಂಡಿಯೇ ಇರುವುದಿಲ್ಲ, ಅದು ಬೋರ್ಡಿನ ಒಳಗೇ ಬಿಎಂಸಿಗೆ ಸೇರಿರುತ್ತದೆ. ಯುಪಿಎಸ್ ಕಾಮ್1ರಲ್ಲೇ ಇರಲಿ, ಕನ್ಸೋಲ್ ಕಾಮ್2ಕ್ಕೆ ಹೋಗಲಿ. ಕಡತದಲ್ಲಿ ಟಿಟಿವೈಎಸ್0 ಎಂದಿದ್ದ ಕಡೆ ಟಿಟಿವೈಎಸ್1 ಎಂದು ಬರೆದರೆ ಸವಣೂರಿನ ಅಂಗಡಿ ನೆಟ್ಟಗಾಗುತ್ತದೆ. ಹಂಚಿಕೊಳ್ಳುವ ಮುನ್ನ ಯಾವ ಕಿಂಡಿ ಯಾರದು ಎಂದು ಬರೆದಿಡುವುದು ಈ ಕೆಲಸದ ಮೊದಲ ಶಿಸ್ತು.

‘ಸರ್ವರ್ ಇಲ್ರೀ’

ಈ ಪುಟ್ಟ ವಿವರಗಳಿಗೆ ಇಷ್ಟು ಜಾಗ ಕೊಟ್ಟದ್ದಕ್ಕೆ ಕಾರಣವಿದೆ. ನಮ್ಮ ಭಾಗದ ರೈತನಿಗೆ ‘ಸರ್ವರ್’ ಗೊತ್ತಾದದ್ದು ಕಂಪ್ಯೂಟರ್ ತರಗತಿಯಲ್ಲಿ ಅಲ್ಲ, ಉತಾರದ, ಅಂದರೆ ಪಹಣಿಯ, ಸಾಲಿನಲ್ಲಿ. ಕಂದಾಯ ಇಲಾಖೆ ಮತ್ತು ನ್ಯಾಷನಲ್ ಇನ್‌ಫರ್ಮ್ಯಾಟಿಕ್ಸ್ ಸೆಂಟರ್ ಸೇರಿ ಹೊಲದ ದಾಖಲೆಗಳಿಗಾಗಿ ‘ಭೂಮಿ’ ಯೋಜನೆಯನ್ನು ರೂಪಿಸಿದವು. ಅದರ ಮುಂಚೂಣಿಯಲ್ಲಿದ್ದ ಅಧಿಕಾರಿ ರಾಜೀವ್ ಚಾವ್ಲಾ. ಅಲ್ಲಿಯವರೆಗೆ ಸುಮಾರು 9,000 ಗ್ರಾಮ ಲೆಕ್ಕಿಗರ ಕೈಬರಹದಲ್ಲಿದ್ದ ದಾಖಲೆ ಕಂಪ್ಯೂಟರಿಗೆ ಬಂತು: 67 ಲಕ್ಷ ಭೂಮಾಲೀಕರ 2 ಕೋಟಿ ಪಹಣಿ. ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ 15 ರೂಪಾಯಿ ಕೊಟ್ಟರೆ ಉತಾರ ಕೈಗೆ ಸಿಗತೊಡಗಿತು. ಒಳಗೆ ಏನು ನಡೆಯುತ್ತಿದೆ ಎಂದು ರೈತನಿಗೆ ಕಾಣಲೆಂದು ಅವನ ಕಡೆಗೂ ಒಂದು ಪರದೆ ತಿರುಗಿಸಿಟ್ಟಿದ್ದರು. ತಿದ್ದುಪಡಿ ಮಾಡುವ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಹೋಗಬೇಕಿತ್ತು.

ಆರಂಭದ ಆ ವರ್ಷಗಳಲ್ಲಿ ಹಾನಗಲ್ಲಿನ ಹೊಲದ ದಾಖಲೆ ಹಾನಗಲ್ಲಿನ ಸರ್ವರ್‌ನಲ್ಲೇ, ಹಿರೇಕೆರೂರಿನದು ಹಿರೇಕೆರೂರಿನಲ್ಲೇ ಇತ್ತು. ಮುಂದೆ ತಾಲ್ಲೂಕುಗಳು ಬೆಂಗಳೂರಿನೊಡನೆ ಜಾಲದಲ್ಲಿ ಕೂಡಿದವು, 2012ರಿಂದ ಅಟಲ್‌ಜೀ ಜನಸ್ನೇಹಿ ಕೇಂದ್ರಗಳು ನಾಡಕಚೇರಿಗೇ ಬಂದವು. ದೊಡ್ಡ ದಾಖಲೆಗಳು ದೊಡ್ಡ ಡೇಟಾ ಸೆಂಟರುಗಳಿಗೆ ಹೋಗಿವೆ, ಅಲ್ಲಿ ರಾತ್ರಿಯಿಡೀ ಕಾವಲಿದೆ. ಆದರೆ ಪತ್ತಿನ ಸಂಘ, ಕಾಲೇಜು, ದವಾಖಾನೆ, ದಲಾಲಿ ಅಂಗಡಿ, ಬೀಜದ ಗೋದಾಮುಗಳ ಸರ್ವರ್‌ಗಳು ಇನ್ನೂ ಹಿಂದಿನ ಕೋಣೆಯ ಕಪಾಟಿನಲ್ಲೇ ಇವೆ. ಹೊಲದ ಕೆಲಸ ಬಿಟ್ಟು, ಬಸ್ಸಿನ ರೊಕ್ಕ ಕೊಟ್ಟು ಬಂದವರಿಗೆ “ಸರ್ವರ್ ಇಲ್ರೀ, ನಾಳಿ ಬರ್ರಿ” ಎಂದರೆ ಒಂದು ದಿನದ ಕೂಲಿ ಹೋಯಿತು. ಎಂಜಿನಿಯರ್ ಬಸ್ಸು ಹತ್ತಿ ಬರುವ ತನಕ ನಾಲ್ಕು ಸಲ ಈ ಮಾತು ಕೇಳಿದರೆ ನಾಲ್ಕು ದಿನದ ಕೂಲಿ. ಸೀರಿಯಲ್ ದಾರಿ ಉಳಿಸುವುದು ಆ ಕೂಲಿಯನ್ನು.

ಹಿರೇಕೆರೂರು: ಇಬ್ಬರ ಕಣ್ಣು, ಒಬ್ಬರ ಕೈ

ಹಿರೇಕೆರೂರಿನಲ್ಲಿ ಊರಿಗೆ ಅಂಟಿಕೊಂಡೇ ದುರ್ಗಾದೇವಿಯ ಕೆರೆ. ಮಾಸೂರಿನ ಕಡೆ ಹೋದರೆ ಗುಡ್ಡಗಳ ನಡುವೆ ಮದಗದ ಕೆರೆ, ಅಬ್ಬಲೂರಿನಲ್ಲಿ ಏಕಾಂತದ ರಾಮಯ್ಯನ ಕಥೆ ಹೇಳುವ ಸೋಮೇಶ್ವರ ಗುಡಿ. ಹೊಲಗಳಲ್ಲಿ ಗೋವಿನಜೋಳ, ಹತ್ತಿ. ಹತ್ತಿಯ ಹೂವನ್ನು ಒಂದೊಂದಾಗಿ ಬಿಡಿಸಿ ಪರಾಗ ಮುಟ್ಟಿಸಿ ಹೈಬ್ರಿಡ್ ಬೀಜ ಮಾಡುವ ಕೈಗಳು ಈ ಸೀಮೆಯಲ್ಲಿವೆ.

ಇಲ್ಲಿಯ ಒಂದು ಬೀಜದ ಗೋದಾಮಿನ ಸರ್ವರ್ ಹಳೆಯದು, ಬಿಎಂಸಿ ಇಲ್ಲದ್ದು. ಹೊಸದು ಕೊಳ್ಳುವಷ್ಟು ಹಣವಿಲ್ಲ. ಅದಕ್ಕೂ ದಾರಿಯಿದೆ. ಪಕ್ಕದಲ್ಲಿ ಅಂಗೈಯಗಲದ ರಾಸ್‌ಬೆರಿ ಪೈ ಕಂಪ್ಯೂಟರ್ ಇಟ್ಟು, ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಿಸುವ ಕೇಬಲ್ ಹಚ್ಚಿ, ಸರ್ವರ್‌ನ ಕಿಂಡಿಗೆ ಸೇರಿಸಿದ್ದಾರೆ. ನಡುವೆ ನಲ್ ಮೋಡೆಮ್ ಜೋಡಣೆ ಬೇಕು: ಈಚೆ ಕಳಿಸುವ ತಂತಿ ಆಚೆ ಪಡೆಯುವ ಪಿನ್ನಿಗೆ, ಈಚೆಯ ಪಡೆಯುವುದು ಆಚೆಯ ಕಳಿಸುವುದಕ್ಕೆ. ಪುಟ್ಟ ಕಂಪ್ಯೂಟರಿನ ಮೇಲೆ ಕಾನ್‌ಸರ್ವರ್ ಎಂಬ ತಂತ್ರಾಂಶ. ಒಂದೇ ಸೀರಿಯಲ್ ಪೋರ್ಟನ್ನು ಹಲವರು ನೋಡಬಹುದು, ಬರೆಯುವ ಹಕ್ಕು ಒಂದು ಹೊತ್ತಿಗೆ ಒಬ್ಬರಿಗೇ. ನಡೆದ ಮಾತೆಲ್ಲ ಕಡತದಲ್ಲಿ ದಾಖಲಾಗುತ್ತದೆ. ನಿನ್ನೆ ರಾತ್ರಿ ಸರ್ವರ್ ಬೀಳುವ ಮುಂಚೆ ಕೊನೆಯದಾಗಿ ಏನು ಹೇಳಿತು ಎಂದು ಬೆಳಿಗ್ಗೆ ಓದಬಹುದು.

ಗೋದಾಮಿನಲ್ಲಿ ಡಿಪ್ಲೊಮಾ ಮುಗಿಸಿದ ಹುಡುಗನೊಬ್ಬ ಕೂತಿದ್ದಾನೆ, ಆಚೆ ತುದಿಯಲ್ಲಿ, ಬೆಂಗಳೂರಿನಲ್ಲಿ, ಅನುಭವಿ ಎಂಜಿನಿಯರ್ ಅಕ್ಕ. ಇಬ್ಬರಿಗೂ ಅದೇ ಪರದೆ.

“ಅಕ್ಕಾರ, ಸುಮ್ಮನ ನಿಂತಬಿಟ್ಟೈತ್ರೀ. ಏನ್ ಒತ್ತಿದ್ರೂ ಉತ್ತರಿಲ್ಲ.”

“ರೀಸೆಟ್ ಒತ್ತಬ್ಯಾಡಪ. ಮೊದಲ ಬ್ರೇಕ್ ಕಳಿಸು, ಆಮ್ಯಾಲೆ ಎಸ್.”

ತಂತಿಯನ್ನು ಒಂದು ಅಕ್ಷರಕ್ಕೆ ಬೇಕಾದ ಹೊತ್ತಿಗಿಂತ ಹೆಚ್ಚು ಕಾಲ ಸೊನ್ನೆಯಲ್ಲೇ ಹಿಡಿದರೆ ಅದು ಬ್ರೇಕ್. ಲಿನಕ್ಸ್ ಕರ್ನಲ್ ಅದನ್ನು ವಿಶೇಷ ಕರೆಯೆಂದು ಗುರುತಿಸುವಂತೆ ಮೊದಲೇ ಅಣಿಮಾಡಿಟ್ಟಿದ್ದರೆ, ಮೇಲಿನ ತಂತ್ರಾಂಶಗಳೆಲ್ಲ ಸಿಕ್ಕಿಬಿದ್ದಾಗಲೂ ಬಹಳ ಸಲ ಈ ಕರೆಗೆ ಓಗೊಡುತ್ತದೆ. ಎಸ್ ಎಂದರೆ ನೆನಪಿನಲ್ಲಿರುವುದನ್ನೆಲ್ಲ ಡಿಸ್ಕಿಗೆ ಬರೆ. ಯು ಎಂದರೆ ಡಿಸ್ಕನ್ನು ಓದಲು ಮಾತ್ರ ಇರಿಸು. ಬಿ ಎಂದರೆ ಹೊಸದಾಗಿ ಏಳು. ಪ್ರತಿ ಅಕ್ಷರಕ್ಕೂ ಮುಂಚೆ ಒಂದು ಬ್ರೇಕ್. ಹುಡುಗ ಒತ್ತುತ್ತಾನೆ, ಅಕ್ಕ ನೋಡುತ್ತಾಳೆ, ಪ್ರತಿ ಹೆಜ್ಜೆಗೂ ಪರದೆಯ ಉತ್ತರ ಕಾಯುತ್ತಾರೆ. ಬೀಜದ ಲಾಟುಗಳ ಲೆಕ್ಕ ಕೆಡದೆ ಯಂತ್ರ ಮತ್ತೆ ಏಳುತ್ತದೆ.

ಈ ಏರ್ಪಾಡಿಗೆ ಮಿತಿಯೂ ಇದೆ. ಬರಿಯ ಸೀರಿಯಲ್ ತಂತಿ ಪವರ್ ಬಟನ್ ಒತ್ತಲಾರದು. ಪೂರ್ತಿ ಆರಿದ ಯಂತ್ರವನ್ನು ಹೊತ್ತಿಸಲು ಗೋದಾಮಿನ ಹುಡುಗನೇ ಬೇಕು. ಹಾಗೆ ಬೇಕಾಗುವುದು ಒಳ್ಳೆಯದೇ. ಒಂದು ಪೋರ್ಟನ್ನು ಇಬ್ಬರು ಹಂಚಿಕೊಂಡು ಕೂತ ಆ ಹೊತ್ತಿನಲ್ಲಿ ಬೆಂಗಳೂರಿನಲ್ಲಿದ್ದ ತಿಳಿವು ಹಿರೇಕೆರೂರಿಗೆ ಇಳಿಯಿತು. ಈ ಹುಡುಗ ನಾಳೆ ರಟ್ಟೀಹಳ್ಳಿಯ ಇನ್ನೊಂದು ಸರ್ವರ್‌ಗೆ ಆಸರೆಯಾಗಬಲ್ಲ.

ದಾರಿಗೆ ಬೀಗ

ದೂರದಿಂದ ಒಳಬರುವ ದಾರಿ ಒಳ್ಳೆಯವರಿಗೆ ಮಾತ್ರ ತೆರೆದಿರುವುದಿಲ್ಲ. ಬಿಎಂಸಿಯನ್ನು ಹಿಡಿದವನ ಕೈಗೆ ಸರ್ವರ್ ಪೂರ್ತಿ ಸಿಕ್ಕಂತೆ: ಆರಿಸಬಹುದು, ಬೇರೆ ಡಿಸ್ಕಿನಿಂದ ಏಳಿಸಬಹುದು, ಲಾಗಿನ್ ಆಗಿಯೇ ಉಳಿದ ಕನ್ಸೋಲಿನಲ್ಲಿ ಬೇಕಾದ್ದು ಮಾಡಬಹುದು. 2013ರಲ್ಲಿ ಭದ್ರತಾ ಸಂಶೋಧಕ ಡಾನ್ ಫಾರ್ಮರ್ ಐಪಿಎಂಐನ ದೋಷಗಳನ್ನು ಬಿಡಿಸಿ ತೋರಿಸಿದರು. ಅದೇ ವರ್ಷ ಅಮೆರಿಕದ ಯುಎಸ್-ಸರ್ಟ್ ಸಂಸ್ಥೆ ಎಚ್ಚರಿಕೆ ಹೊರಡಿಸಿತು. ಎರಡನೆಯ ಆವೃತ್ತಿಯಲ್ಲಿ ಲಾಗಿನ್ ಆಗುವ ಮುಂಚೆಯೇ ಗುಟ್ಟುಪದದ ಹ್ಯಾಷ್ ಕೇಳಿದವರ ಕೈಗೆ ಹೋಗುತ್ತದೆ, ಅದನ್ನಿಟ್ಟುಕೊಂಡು ಮನೆಯಲ್ಲಿ ಕೂತು ಊಹಿಸಬಹುದು. ಇದು ಮಾನಕದಲ್ಲೇ ಇರುವ ದೋಷ. ಗುಟ್ಟುಪದ 20 ಅಕ್ಷರಕ್ಕಿಂತ ಉದ್ದವಿರಲೂ ಆಗದು. ‘ಸೈಫರ್ ಸೊನ್ನೆ’ ಎಂಬ ಆಯ್ಕೆ ತೆರೆದಿದ್ದರೆ ಯಾವ ಗುಟ್ಟುಪದ ಕೊಟ್ಟರೂ ನಡೆಯುತ್ತದೆ.

ಆದ್ದರಿಂದ ಬಿಎಂಸಿಯನ್ನು ಸಾರ್ವಜನಿಕ ಇಂಟರ್‌ನೆಟ್ಟಿಗೆ ಯಾವ ಕಾರಣಕ್ಕೂ ಒಡ್ಡಬಾರದು. ಮೊದಲು ವಿಪಿಎನ್, ಆಮೇಲೆ ಬಿಎಂಸಿ. ಕಂಪನಿಯಿಂದ ಬಂದ ಹೆಸರು, ಗುಟ್ಟುಪದ ಮೊದಲ ದಿನವೇ ಬದಲಾಗಬೇಕು, ಸೈಫರ್ ಸೊನ್ನೆ ಮುಚ್ಚಬೇಕು, ಕೆಲಸ ಮುಗಿದ ಮೇಲೆ ಲಾಗೌಟ್ ಆಗಲೇಬೇಕು. ಹೊಸ ಸರ್ವರ್‌ಗಳಲ್ಲಿ 2015ರಲ್ಲಿ ಬಂದ ರೆಡ್‌ಫಿಶ್ ಎಂಬ ಹೊಸ ಮಾನಕವಿದೆ, ಅದು ಈ ಹಳೆಯ ದೋಷಗಳನ್ನು ಬಿಟ್ಟು ಕಟ್ಟಿದ್ದು. ಅಲ್ಲಿಯೂ ಯಂತ್ರ ಮೊದಲು ಬಾಯಿ ತೆರೆಯುವ ಸೀರಿಯಲ್ ಕನ್ಸೋಲಿಗೆ ಕೆಲಸ ತಪ್ಪಿಲ್ಲ.

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳಂಥ ಊರಲ್ಲಿ ಸರ್ವರ್ ಇಟ್ಟುಕೊಂಡ ಸಂಘದ ಕಾರ್ಯದರ್ಶಿಗಳಿಗೆ, ಪ್ರಾಚಾರ್ಯರಿಗೆ, ಅಂಗಡಿಯವರಿಗೆ ನನ್ನ ಕೋರಿಕೆ ಇಷ್ಟೇ. ಸರ್ವರ್ ಕೊಳ್ಳುವಾಗ ಬಿಎಂಸಿ ಇದೆಯೇ ಎಂದು ಕೇಳಿ. ಅಣಿಮಾಡಿ ಹೋಗುವವರನ್ನು ಮಾನಿಟರ್ ತೆಗೆಸಿ, ಸೀರಿಯಲ್ ದಾರಿಯೊಂದರಿಂದಲೇ ಯಂತ್ರವನ್ನು ಎಬ್ಬಿಸಿ ತೋರಿಸಲು ಹೇಳಿ. ತೋರಿಸದ ಹೊರತು ಬಿಲ್ಲಿಗೆ ಸಹಿ ಹಾಕಬೇಡಿ. ಯಾವ ಕಿಂಡಿ ಯಾರಿಗೆ, ವೇಗ ಎಷ್ಟು ಎಂದು ಕನ್ನಡದಲ್ಲಿ ಬರೆಸಿ ಕಪಾಟಿನ ಬಾಗಿಲಿಗೆ ಒಳಗಿನಿಂದ ಅಂಟಿಸಿ. ಗುಟ್ಟುಪದವನ್ನು ಮಾತ್ರ ಅಲ್ಲಿ ಬರೆಯದೆ ತಿಜೋರಿಯಲ್ಲಿಡಿ. ನಿಮ್ಮೂರಿನ ಒಬ್ಬ ಹುಡುಗನಿಗೋ ಹುಡುಗಿಗೋ ಈ ಕೆಲಸ ಕಲಿಸಿ. ಇದಕ್ಕೆ ತಗಲುವ ಖರ್ಚು ಕಡಿಮೆ. ಮಳೆಗಾಲ ಬರುವ ಮುಂಚೆ ಮಾಡಿಸಿಕೊಳ್ಳಿ.